ಆ ಅಂಕಿ ಯಾರಿಗೆ ಗೊತ್ತಿರಬೇಕು?

1740ರಲ್ಲಿ ಜಾರ್ಜ್ ಆನ್ಸನ್ ಎಂಬ ಇಂಗ್ಲಿಷ್ ನೌಕಾಧಿಕಾರಿ ಒಂದು ಹಡಗುಪಡೆ ಕಟ್ಟಿಕೊಂಡು ಹೊರಟ. ಪ್ರಪಂಚ ಸುತ್ತಿ ಬರಲು ನಾಲ್ಕು ವರ್ಷ ಹಿಡಿದ ಆ ಯಾನದಲ್ಲಿ ಶತ್ರುಗಳ ಗುಂಡಿಗಿಂತ ಎಷ್ಟೋ ಹೆಚ್ಚು ಜನರನ್ನು ಕೊಂದದ್ದು ಸ್ಕರ್ವಿ. ಪ್ರಯಾಣದ ವೃತ್ತಾಂತದಲ್ಲಿ ಒಬ್ಬ ಮುದಿ ಸಿಪಾಯಿಯ ಪ್ರಸ್ತಾಪ ಬರುತ್ತದೆ. ಐವತ್ತು ವರ್ಷ ಹಿಂದೆ, ಐರ್ಲೆಂಡಿನ ಬಾಯ್ನ್ ಕದನದಲ್ಲಿ ಅವನಿಗೆ ಗಾಯವಾಗಿತ್ತು. ವಾಸಿಯೂ ಆಗಿತ್ತು. ಅವನು ಅದನ್ನು ಮರೆತೂ ಇದ್ದಿರಬೇಕು. ಹಡಗಿನಲ್ಲಿ ಸ್ಕರ್ವಿ ಹಿಡಿದಾಗ ಆ ಹಳೇ ಗಾಯ ಮತ್ತೆ ಬಾಯಿ ಬಿಟ್ಟಿತು. ಯಾವ ಕಾಲಕ್ಕೋ ಕೂಡಿಕೊಂಡಿದ್ದ ಮೂಳೆಯೂ ಬಿಟ್ಟುಕೊಂಡಿತು.

ಇದರ ಕಾರಣ ತಿಳಿದದ್ದು ಬಹಳ ತಡವಾಗಿ. ನಮ್ಮ ಚರ್ಮ, ಮೂಳೆ, ರಕ್ತನಾಳದ ಗೋಡೆ ಎಲ್ಲವನ್ನೂ ಹಿಡಿದಿಟ್ಟಿರುವ ನಾರಿನ ಹೆಸರು ಕೊಲಾಜೆನ್. ದೇಹದ ಒಟ್ಟು ಪ್ರೊಟೀನಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅದೇ. ಗ್ರೀಕ್ ಭಾಷೆಯಲ್ಲಿ ಅಂಟು ಎಂಬ ಅರ್ಥದ ಪದದಿಂದ ಬಂದ ಹೆಸರು ಅದು. ಹಿಂದೆ ನಮ್ಮ ಬಡಗಿಗಳು ಚರ್ಮ, ಮೂಳೆ ಬೇಯಿಸಿ ತೆಗೆದ ಸರೇಸನ್ನು ಮರಕ್ಕೆ ಹಚ್ಚುತ್ತಿದ್ದರಲ್ಲ, ಅದೂ ಇದೇ ಕೊಲಾಜೆನ್ನಿನ ಇನ್ನೊಂದು ರೂಪ. ಈ ನಾರನ್ನು ಗಟ್ಟಿಯಾಗಿ ಹೆಣೆಯಲು ದೇಹಕ್ಕೆ ವಿಟಮಿನ್ ಸಿ ಬೇಕು. ಗಾಯದ ಕಲೆ ಎಂದರೆ ಒಮ್ಮೆ ಗಾರೆ ಹಾಕಿ ಮುಗಿಸಿದ ಗೋಡೆ ಎಂದು ನಾವು ಅಂದುಕೊಂಡಿರುತ್ತೇವೆ. ಆದರೆ ಅಲ್ಲಿ ಹಳೆಯ ನಾರು ಕರಗುತ್ತಲೇ ಇರುತ್ತದೆ, ಹೊಸದು ಸೇರುತ್ತಲೇ ಇರುತ್ತದೆ. ಐವತ್ತು ವರ್ಷದ ಕಲೆಯೊಳಗೂ ದಿನಾ ಕೆಲಸ ನಡೆದಿರುತ್ತದೆ. ಆ ಸಿಪಾಯಿಯ ಮೈಯಲ್ಲಿ ಸರಬರಾಜು ನಿಂತಿತು, ಕರಗುವುದು ನಿಲ್ಲಲಿಲ್ಲ.

ಕಡಿಮೆಯಾದರೆ ಹೀಗೆ. ಬೇಡದ ಜಾಗದಲ್ಲಿ ಹೆಚ್ಚಾದರೆ? ಶ್ವಾಸಕೋಶದ ತೆಳ್ಳನೆಯ ಗೋಡೆಗಳಲ್ಲಿ ಈ ನಾರು ತುಂಬಿಕೊಂಡರೆ ಅದು ಸ್ಪಂಜಿನಂತೆ ಹಿಗ್ಗುವುದನ್ನು ಬಿಡುತ್ತದೆ. ವೈದ್ಯರು ಅದಕ್ಕೆ ಫೈಬ್ರೋಸಿಸ್ ಎನ್ನುತ್ತಾರೆ. ಹೀಗೆ ಆಗುವ ಮೊದಲೇ, ನಾರು ಹೆಣೆಯುತ್ತಿರುವಾಗಲೇ, ಒಂದು ಸಿರಿಂಜ್ ರಕ್ತದಿಂದ ತಿಳಿಯಬಹುದೇ ಎಂದು ವಿಜ್ಞಾನಿಗಳು 1980ರ ದಶಕದಿಂದ ಹುಡುಕುತ್ತಿದ್ದಾರೆ. ಹೀಗೆ ಹುಡುಕಿದ ಕಾಯಿಲೆಗಳಲ್ಲಿ ಸಾರ್ಕಾಯ್ಡೋಸಿಸ್ ಒಂದು.

ಈ ಹೆಸರು ನಮ್ಮ ಮನೆಗೆ ಬಂದದ್ದು ಭಾವನ ಮೂಲಕ. ಭಾವ ಸೂರತ್ತಿನಲ್ಲಿ ಇಪ್ಪತ್ತೆರಡು ವರ್ಷದಿಂದ ಜವಳಿ ವ್ಯಾಪಾರದ ಲೆಕ್ಕಪತ್ರ ನೋಡಿಕೊಂಡಿದ್ದಾರೆ. ಒಣ ಕೆಮ್ಮು, ಸುಸ್ತು, ಎಕ್ಸ್-ರೇಯಲ್ಲಿ ಎದೆಯ ಎರಡೂ ಕಡೆ ಊದಿದ ಗ್ರಂಥಿಗಳು. ನಮ್ಮ ದೇಶದಲ್ಲಿ ಇಷ್ಟು ಕಂಡರೆ ಮೊದಲು ನೆನಪಾಗುವುದು ಕ್ಷಯ. ಅದರಲ್ಲಿ ತಪ್ಪೇನೂ ಇಲ್ಲ. ಕೆಲವು ತಿಂಗಳು ಕ್ಷಯದ ಮಾತ್ರೆ ನುಂಗಿದರು. ಆಮೇಲೆ ಗ್ರಂಥಿಯ ಚೂರು ತೆಗೆದು ನೋಡಿದಾಗ ಕ್ಷಯದ ಗಂಟುಗಳಂತೆ ಕಾಣುವ, ಆದರೆ ಕ್ಷಯವಲ್ಲದ ಗಂಟುಗಳು ಸಿಕ್ಕವು. ನಾರ್ವೆಯ ಚರ್ಮವೈದ್ಯ ಸೀಸರ್ ಬೋಕ್ 1899ರಲ್ಲಿ ಈ ಕಾಯಿಲೆಗೆ ಹೆಸರು ಕೊಟ್ಟ. ಕಾರಣ ಇಂದಿಗೂ ಪೂರ್ತಿ ಗೊತ್ತಿಲ್ಲ. ರೋಗ ತಡೆಯಬೇಕಾದ ಕಣಗಳು ಶತ್ರು ಯಾರೆಂದು ತಿಳಿಯದೆ ಗುಂಪು ಕಟ್ಟಿ ಕೂತಿರುತ್ತವೆ. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಎರಡು ಮೂರು ವರ್ಷದಲ್ಲಿ ತಾನಾಗಿ ಇಳಿದುಹೋಗುತ್ತದೆ. ಕೆಲವರಲ್ಲಿ ಇಳಿಯದೆ, ಗಂಟಿನ ಸುತ್ತ ನಾರು ಬೆಳೆದು ಶ್ವಾಸಕೋಶ ಗಡುಸಾಗುತ್ತದೆ. ಯಾರಿಗೆ ಯಾವುದು ಎಂಬುದೇ ಪ್ರಶ್ನೆ. ಔಷಧಿ ಎಂದರೆ ಮುಖ್ಯವಾಗಿ ಸ್ಟೀರಾಯ್ಡ್. ಅದು ಸಕ್ಕರೆ ಏರಿಸುತ್ತದೆ, ಮೂಳೆ ಸವೆಸುತ್ತದೆ. ತಾನಾಗಿ ವಾಸಿಯಾಗುವವನಿಗೆ ಸುಮ್ಮನೆ ಕೊಡುವಂಥದ್ದಲ್ಲ.

ಹಾಗಾಗಿ ಮುಂಚಿತವಾಗಿ ಹೇಳುವ ಒಂದು ಅಂಕಿ ಸಿಕ್ಕರೆ ಎಷ್ಟು ಚೆನ್ನ! ಕೊಲಾಜೆನ್ ಮೊದಲು ಉದ್ದ ಬಾಲಗಳಿರುವ ಎಳೆಯಾಗಿ ಹುಟ್ಟುತ್ತದೆ. ನಾರಾಗಿ ಜೋಡಿಸುವ ಮುನ್ನ ಆ ಬಾಲಗಳನ್ನು ದೇಹ ಕತ್ತರಿಸುತ್ತದೆ. ಕತ್ತರಿಸಿದ ತುಣುಕುಗಳು ರಕ್ತಕ್ಕೆ ಸೇರುತ್ತವೆ. ಮೂರನೇ ಬಗೆಯ ಕೊಲಾಜೆನ್ನಿನ ಇಂಥ ತುಣುಕನ್ನು ಪ್ರಯೋಗಾಲಯದವರು ಪಿ-ತ್ರೀ-ಎನ್‌ಪಿ ಎಂದು ಕರೆಯುತ್ತಾರೆ. ವಡೋದರಾದಿಂದ ಸೂರತ್ತಿಗೆ ರೈಲಿನಲ್ಲಿ ಹೋಗಿದ್ದರೆ ನಿಮಗೆ ಗೊತ್ತು, ಭರೂಚ್ ಬಂದಾಗ ಡಬ್ಬಿಗೆಲ್ಲ ಸಿಂಗ್ ಮಾರುವವರು ಹತ್ತುತ್ತಾರೆ. ಅಂಕಲೇಶ್ವರ ದಾಟುವಷ್ಟರಲ್ಲಿ ಸೀಟಿನ ಕೆಳಗೆ ಸಿಪ್ಪೆಯೋ ಸಿಪ್ಪೆ. ಸಿಪ್ಪೆ ಎಣಿಸಿದರೆ ಎಷ್ಟು ಕಡಲೆಕಾಯಿ ಖರ್ಚಾಯಿತು ಎಂದು ಹೇಳಬಹುದು. ಯಾರು ತಿಂದರು, ಅವರ ಹೊಟ್ಟೆಗೆ ಒಗ್ಗಿತೇ ಎಂದು ಹೇಳಲಾಗದು.

ಈ ಅಂಕಿಯ ತೊಂದರೆ ಅದೇ. ಬೆಳೆಯುವ ಮಕ್ಕಳಲ್ಲಿ ಅದು ಹೆಚ್ಚಿರುತ್ತದೆ, ಬೆಳೆಯುವುದೆಂದರೆ ನಾರು ಹೆಣೆಯುವುದೇ ತಾನೇ. ಯಕೃತ್ತು ಗಡುಸಾಗುತ್ತಿದ್ದರೆ ಹೆಚ್ಚುತ್ತದೆ; ಯಕೃತ್ತಿನ ಪರೀಕ್ಷೆಗಳಲ್ಲಿ ಇದರ ಬಳಕೆ ಈಗಲೂ ಇದೆ. 2012ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಬೆಳವಣಿಗೆಯ ಹಾರ್ಮೋನು ಚುಚ್ಚಿಕೊಂಡ ಕ್ರೀಡಾಪಟುಗಳನ್ನು ಹಿಡಿಯಲು ಬಂದ ಪರೀಕ್ಷೆಯಲ್ಲಿ ಅಳೆದ ಎರಡು ವಸ್ತುಗಳಲ್ಲಿ ಒಂದು ಇದೇ ತುಣುಕು. ಅದೇ ಏರಿಕೆ ಹುಡುಗನಲ್ಲಿ ಆರೋಗ್ಯ, ರೋಗಿಯಲ್ಲಿ ಕಾಯಿಲೆ, ಕ್ರೀಡಾಪಟುವಿನಲ್ಲಿ ಮೋಸ. ಇನ್ನೊಂದು ಮಾತು: ಅದು ಹೇಳುವುದು ನಡೆಯುತ್ತಿರುವ ಕೆಲಸದ ವೇಗವನ್ನು. ನಾರು ಕಟ್ಟಿ ಮುಗಿದ ಶ್ವಾಸಕೋಶದಲ್ಲಿ ಕೆಲಸ ನಿಂತಿರುತ್ತದೆ, ಅಂಕಿಯೂ ಇಳಿದಿರಬಹುದು. ನಮ್ಮ ಕಚೇರಿಯಲ್ಲಿ ಕೆಲವು ಪ್ರಾಜೆಕ್ಟುಗಳ ಫಲಕದಲ್ಲಿ ಎಲ್ಲ ಚೌಕಗಳೂ ಹಸಿರಾಗಿ ಕಾಣುವುದು ಅವು ಮುಳುಗಿ ಮುಗಿದ ಮೇಲೆ. ಈ ಬಗ್ಗೆ ಹೆಚ್ಚು ಹೇಳಿದರೆ ನಾಳೆಯ ಮೀಟಿಂಗಿನಲ್ಲಿ ನನಗೇ ಕಷ್ಟ.

ಸಾರ್ಕಾಯ್ಡೋಸಿಸ್ ರೋಗಿಗಳಿಗೆ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಮಾಡಿಸುವ ರಕ್ತಪರೀಕ್ಷೆ ಇದಲ್ಲ, ಎಸಿಇ. ಅಮೆರಿಕದ ಜ್ಯಾಕ್ ಲೀಬರ್‌ಮನ್ 1975ರಲ್ಲಿ ಕಂಡುಕೊಂಡದ್ದು. ಅದು ನಾರನ್ನು ಅಳೆಯುವುದಿಲ್ಲ, ಗಂಟುಗಳಲ್ಲಿನ ಕಣಗಳು ಹೊರಬಿಡುವ ಕಿಣ್ವವನ್ನು ಅಳೆಯುತ್ತದೆ. ಹುಟ್ಟಿನಿಂದಲೇ ಕೆಲವರಲ್ಲಿ ಅದು ಹೆಚ್ಚು, ಕೆಲವರಲ್ಲಿ ಕಡಿಮೆ. ರಕ್ತದೊತ್ತಡಕ್ಕೆಂದು ರಾಮಿಪ್ರಿಲ್ ತೆಗೆದುಕೊಳ್ಳುತ್ತಿದ್ದರೆ ಅಂಕಿ ಬಿದ್ದೇ ಹೋಗುತ್ತದೆ.

ಲೆಕ್ಕಪತ್ರದ ಮನುಷ್ಯನಾದ ಭಾವ ಇದನ್ನು ತಿಂಗಳಿಗೊಮ್ಮೆ ಮಾಡಿಸತೊಡಗಿದರು. ಎಕ್ಸೆಲ್ಲಿನಲ್ಲಿ ಗೆರೆ ಎಳೆದರು. ಗೆರೆ ಮೇಲೆ ಹೋದ ತಿಂಗಳು ಮನೆಯಲ್ಲಿ ಮಾತಿಲ್ಲ. ಒಂದು ದಿನ ಅಕ್ಕ ಫೋನ್ ಮಾಡಿದಳು.

“ಆ ಕಾಗದ ನೋಡಿದ ದಿನ ಇವರಿಗೆ ಉಸಿರು ಕಟ್ಟತ್ತೆ ಕಣೋ. ನೋಡದೇ ಇದ್ದ ವಾರ ಹಾಲು ತರೋಕೆ ಇವರೇ ನಡ್ಕೊಂಡು ಹೋಗ್ತಾರೆ. ಇನ್ಮೇಲೆ ರಿಪೋರ್ಟು ನಿನ್ನ ಮೇಲ್‌ಗೆ ಬರೋ ಹಾಗೆ ಮಾಡ್ತೀನಿ. ಕಮ್ಮಿ ಇದ್ರೆ ಹೇಳು. ಜಾಸ್ತಿ ಇದ್ರೆ ಲ್ಯಾಬಿನೋರು ಇನ್ನೂ ಕಳಿಸಿಲ್ಲ ಅನ್ನು.”

ಅಕ್ಕ ಕೇಳಿದ್ದು ಚಿಕ್ಕ ಸಹಾಯ. ಆದರೆ ಅದರೊಳಗೆ ತತ್ತ್ವಶಾಸ್ತ್ರದ ಪಾಠವೇ ಕೂತಿತ್ತು. ಒಬ್ಬನ ರಕ್ತದ ಸುದ್ದಿಯನ್ನು ಅವನ ಒಳ್ಳೆಯದಕ್ಕೆಂದು ಅವನಿಂದ ಮುಚ್ಚಿಡಬಹುದೇ? ನಮ್ಮ ಮನೆಗಳಲ್ಲಿ ಇದು ಹೊಸದೇನಲ್ಲ. ಅಜ್ಜನಿಗೆ ಕ್ಯಾನ್ಸರ್ ಎಂದು ಊರಿಗೆಲ್ಲ ಗೊತ್ತು, ಅಜ್ಜನಿಗೆ ಮಾತ್ರ ‘ಹೊಟ್ಟೆಯಲ್ಲಿ ಹುಣ್ಣು’. ನಗರದಲ್ಲಿ ಓದಿಕೊಂಡ ನಾವು ಇದನ್ನು ಹಿಂದುಳಿದ ಪದ್ಧತಿ ಎಂದುಬಿಡುತ್ತೇವೆ. ರೋಗಿಯ ಹಕ್ಕು ಎನ್ನುತ್ತೇವೆ. ನನಗೆ ಅಷ್ಟು ಸುಲಭವಾಗಿ ಹಾಗೆ ಅನ್ನಲಾಗಲಿಲ್ಲ. ಅಕ್ಕ ಕಂಡದ್ದು ನಿಜ: ಆ ಅಂಕಿ ಭಾವನ ಉಸಿರಿಗೆ ಏನೋ ಮಾಡುತ್ತಿತ್ತು. ಅಳೆಯುವುದರಿಂದಲೇ ಅಳೆಯುವ ವಸ್ತು ಬದಲಾಗುತ್ತಿತ್ತು.

ನಾನು ಒಪ್ಪಲಿಲ್ಲ. ಸುಳ್ಳು ಹೇಳಬಾರದು ಎಂಬ ನಿಯಮ ಇದಕ್ಕೆ ಕಾರಣವಲ್ಲ; ಮನೆಯವರ ಮುಂದೆ ಸಣ್ಣಪುಟ್ಟ ಸುಳ್ಳಿಗೆ ನಾನು ಹೆದರುವವನಲ್ಲ. ಅಂಕಿ ನನ್ನ ಬಳಿ ಇದ್ದರೆ, ಅದಕ್ಕೆ ಏನು ಮಾಡಬೇಕು ಎಂಬುದನ್ನೂ ನಾನೇ ತೀರ್ಮಾನಿಸಿದಂತೆ. ಮೂರು ತಿಂಗಳು ಸತತ ಏರಿದರೆ? ಆಗ ವೈದ್ಯರಿಗೆ ಹೇಳುವವನು ನಾನು, ಹೇಳದೆ ಬಿಡುವವನೂ ನಾನು. ಗೊತ್ತಿರುವುದು ಒಂದು ಸ್ಥಿತಿ ಮಾತ್ರವಲ್ಲ, ಅದೊಂದು ಹುದ್ದೆ. ನಮ್ಮ ಕೆಲಸದಲ್ಲಿ ಅಪಾಯಗಳ ಪಟ್ಟಿಯಲ್ಲಿ ಒಂದು ಸಾಲು ಬರೆದ ಕೂಡಲೇ ಪಕ್ಕದ ಕಾಲಮ್ಮಿನಲ್ಲಿ ಒಬ್ಬರ ಹೆಸರು ತುಂಬಬೇಕು. ಹೆಸರಿಲ್ಲದ ಅಪಾಯವನ್ನು ಬರೆದಿಟ್ಟರೆ ಅದು ಮುಂದೆ ‘ನಮಗೆ ಗೊತ್ತಿತ್ತು’ ಎಂದು ತೋರಿಸುವುದಕ್ಕಷ್ಟೇ ಉಪಯೋಗ.

ಹಾಗಾಗಿ ಮುಂದಿನ ಭಾನುವಾರ ಸೂರತ್ತಿಗೆ ಹೋಗಿ ಭಾವನನ್ನೇ ಕೇಳಿದೆ: “ಭಾವ, ಏರಿದರೆ ಏನು ಮಾಡ್ತೀರಿ, ಇಳಿದರೆ ಏನು ಮಾಡ್ತೀರಿ, ಪರೀಕ್ಷೆಗೆ ಮೊದಲೇ ಬರೆದಿಡೋಣವಾ?” ಅವರು ಪೆನ್ನು ಹಿಡಿದು ಕೂತರು. ಏರಿದರೆ ಎಂಬುದರ ಮುಂದೆ ಏನೂ ಬರೆಯಲಾಗಲಿಲ್ಲ. ವೈದ್ಯರನ್ನು ಕೇಳಿದಾಗ, ಸ್ಟೀರಾಯ್ಡ್ ಕೊಡುವುದು ಬಿಡುವುದು ಈ ಅಂಕಿಯ ಮೇಲೆ ನಿಂತಿಲ್ಲ, ಊದುವ ಪರೀಕ್ಷೆ, ಎಕ್ಸ್-ರೇ, ಮೆಟ್ಟಿಲು ಹತ್ತುವಾಗ ಏನಾಗುತ್ತದೆ ಎಂಬುದರ ಮೇಲೆ ನಿಂತಿದೆ ಎಂದರು. ಭಾವ ಎಕ್ಸೆಲ್ ಮುಚ್ಚಿದರು. ತಿಳಿಯದಿರುವುದನ್ನು ಅವರೇ ಆರಿಸಿಕೊಂಡರು. ಅಕ್ಕ ಬಯಸಿದ್ದೂ ಅದನ್ನೇ. ಆದರೆ ಅವಳ ದಾರಿಯಲ್ಲಿ ಆರಿಸುವವರು ಬೇರೆಯವರಾಗುತ್ತಿದ್ದರು.

ಇಲ್ಲಿಗೇ ಮುಗಿದಿದ್ದರೆ ಇದು ನಮ್ಮ ಮನೆಯ ಮಾತು. ಆದರೆ ನಾವಿರುವ ರಾಜ್ಯದಲ್ಲಿ ಇದೇ ಪ್ರಶ್ನೆ ಬೇರೆ ಮುಖ ಹೊತ್ತು ನಿಂತಿದೆ.

ಅಹಮದಾಬಾದಿನ ಮೇಘಾಣಿನಗರದಲ್ಲಿ ಔದ್ಯೋಗಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆ ಇದೆ, ಎನ್‌ಐಒಎಚ್. 1966ರಲ್ಲಿ ಶುರುವಾದದ್ದು. ಕಲ್ಲಿನ ಪುಡಿ ಕುಡಿದು ಶ್ವಾಸಕೋಶ ನಾರುಗಟ್ಟುವ ಸಿಲಿಕೋಸಿಸ್ ಅವರ ಹಳೆಯ ಅಧ್ಯಯನ ವಿಷಯ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿನ ವಿಜ್ಞಾನಿಗಳು ಸಿಸಿ-16 ಎಂಬ ಪ್ರೊಟೀನನ್ನು ರಕ್ತದಲ್ಲಿ ಅಳೆದು ಸಿಲಿಕೋಸಿಸ್ಸನ್ನು ಎಕ್ಸ್-ರೇಗಿಂತ ಮುಂಚೆ ಹಿಡಿಯುವ ದಾರಿ ಹುಡುಕಿದ್ದಾರೆ, ಅದಕ್ಕೆ ಸರಳ ಕಿಟ್ಟನ್ನೂ ರೂಪಿಸಿದ್ದಾರೆ. ಶ್ವಾಸನಾಳದ ಸಣ್ಣ ಕವಲುಗಳಲ್ಲಿರುವ ಕಣಗಳು ಇದನ್ನು ತಯಾರಿಸುತ್ತವೆ. ಸಿಲಿಕಾ ಆ ಕಣಗಳನ್ನು ಹಾಳು ಮಾಡಿದಂತೆ ಅಂಕಿ ಇಳಿಯುತ್ತದೆ. ಬೀಡಿ ಸಿಗರೇಟು ಸೇದುವವರಲ್ಲೂ ಇಳಿಯುತ್ತದೆ ಎನ್ನುವುದು ಬೇರೆ ಮಾತು. ಒಂದು ಹನಿ ರಕ್ತ ಮುಂದಾಗುವುದನ್ನು ಹೇಳುತ್ತದೆ. ಸಿಲಿಕೋಸಿಸ್ಸನ್ನು ವಾಸಿ ಮಾಡುವ ಔಷಧಿ ಇಲ್ಲ. ಇರುವ ಉಪಾಯ ಒಂದೇ, ಧೂಳಿನಿಂದ ದೂರ ಹೋಗುವುದು.

ಧೂಳು ಎಲ್ಲಿದೆ? ಅಹಮದಾಬಾದಿನಿಂದ ದಕ್ಷಿಣಕ್ಕೆ ಲೋಥಲ್ ಇದೆ. ನಮ್ಮ ಶಿಕಾರಿಪುರ ರಂಗನಾಥ ರಾವ್ ಅವರು 1950ರ ದಶಕದಲ್ಲಿ ಅಗೆದು ತೆಗೆದ ಹರಪ್ಪಾ ಕಾಲದ ಪಟ್ಟಣ. ಕನ್ನಡ ಸಂಘದ ಪ್ರವಾಸಕ್ಕೆ ಹೋದವರೆಲ್ಲ ಅಲ್ಲಿ ಫೋಟೋ ತೆಗೆಸಿಕೊಂಡಿದ್ದೇವೆ. ಅಲ್ಲಿ ಮಣಿ ತಯಾರಿಸುವ ಕಾರ್ಖಾನೆಯೊಂದು ಸಿಕ್ಕಿತು, ಕುಲುಮೆಯ ಸಮೇತ. ಅದೇ ಕೆಲಸ ಇವತ್ತಿಗೂ ಖಂಭಾತದಲ್ಲಿ ನಡೆಯುತ್ತಿದೆ. ಅಕೀಕ್ ಕಲ್ಲನ್ನು ಸುಟ್ಟು, ಒಡೆದು, ಉಜ್ಜಿ, ಮಣಿ ಮಾಡುವುದು. ನಾಲ್ಕು ಸಾವಿರ ವರ್ಷದ ಪರಂಪರೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಉಜ್ಜುವ ಕಲ್ಲಿನ ಜಾಗಕ್ಕೆ ವಿದ್ಯುತ್ ಸಾಣೆ ಬಂದ ಮೇಲೆ ಮಣಿ ಬೇಗ ನುಣುಪಾಗುತ್ತದೆ, ಧೂಳೂ ಅಷ್ಟೇ ನುಣುಪಾಗಿ ಏಳುತ್ತದೆ. ನುಣುಪು ಧೂಳೇ ಶ್ವಾಸಕೋಶದ ತಳ ಮುಟ್ಟುವುದು. ಕೆಲಸ ನಡೆಯುವುದು ಹೆಚ್ಚಾಗಿ ಮನೆಗಳಲ್ಲಿ. ಮನೆ ಕಾರ್ಖಾನೆಯಲ್ಲ, ಹಾಗಾಗಿ 1948ರ ಕಾರ್ಖಾನೆ ಕಾಯ್ದೆಗೆ ಅದು ಕಾಣುತ್ತಲೇ ಇರಲಿಲ್ಲ. ನಾನಿರುವ ವಡೋದರಾದ ಪೀಪಲ್ಸ್ ಟ್ರೈನಿಂಗ್ ಅಂಡ್ ರಿಸರ್ಚ್ ಸೆಂಟರ್ ಎಂಬ ಸಂಸ್ಥೆ ವರ್ಷಗಟ್ಟಲೆ ಹೇಳುತ್ತಾ ಬಂದದ್ದು ಇದನ್ನೇ.

ಇಲ್ಲಿ ಒಬ್ಬ ಸಾಣೆಗಾರನ ರಕ್ತ ತೆಗೆದು, ‘ನಿನ್ನ ಅಂಕಿ ಇಳಿಯುತ್ತಿದೆ’ ಎಂದು ಹೇಳಿದರೆ ಏನು ಹೇಳಿದಂತಾಯಿತು? ಭಾವನಂತೆ ಅವನೂ ಪೆನ್ನು ಹಿಡಿದು ಕೂರಲಿ. ಅವನ ಹಾಳೆಯಲ್ಲಿ ಉತ್ತರ ಖಾಲಿ ಇಲ್ಲ, ಸ್ಪಷ್ಟವಾಗಿದೆ: ಕೆಲಸ ಬಿಡು. ಬಿಟ್ಟರೆ ಸಂಜೆ ಒಲೆ ಹಚ್ಚುವುದು ಹೇಗೆ ಎಂಬುದು ಹಾಳೆಯಲ್ಲಿಲ್ಲ. ಅಂಕಿ ವ್ಯಾಪಾರಿಯ ಕೈಗೆ ಹೋದರೆ ಇನ್ನೂ ಸುಲಭ. ನಾಳೆಯಿಂದ ಕಲ್ಲು ಬೇರೆಯವನಿಗೆ ಹೋಗುತ್ತದೆ. ಪರೀಕ್ಷೆ ರೋಗಿಯನ್ನು ಕಾಪಾಡುವ ಬದಲು ಧೂಳಿಗೆ ಹೊಸ ಶ್ವಾಸಕೋಶ ಒದಗಿಸುತ್ತದೆ. ಗಣಿಗೆ ಕೊಂಡೊಯ್ಯುತ್ತಿದ್ದ ಹಕ್ಕಿಯ ಕತೆ ಎಲ್ಲರಿಗೂ ಗೊತ್ತು. ಹಕ್ಕಿ ಬಿದ್ದರೆ ಜನ ಹೊರಗೆ ಓಡುತ್ತಿದ್ದರು. ಇಲ್ಲಿ ಹಕ್ಕಿಯನ್ನು ಬದಲಿಸಿ ಕೆಲಸ ಮುಂದುವರಿಸುವುದು.

ಹಾಗಾದರೆ ಪರೀಕ್ಷೆಯೇ ಬೇಡವೇ? ಸ್ವಲ್ಪ ಕಾಲ ನಾನು ಹಾಗೇ ಯೋಚಿಸುತ್ತಿದ್ದೆ. ಗೋಧ್ರಾದ ಸಂಗತಿ ಓದಿದ ಮೇಲೆ ಹಾಗೆ ಹೇಳುವ ಧೈರ್ಯ ಇಲ್ಲ. ಅಲ್ಲಿನ ಬೆಣಚುಕಲ್ಲು ಪುಡಿ ಮಾಡುವ ಕಾರ್ಖಾನೆಗಳಿಗೆ ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ, ಧಾರ್ ಜಿಲ್ಲೆಗಳಿಂದ ಆದಿವಾಸಿಗಳು ಕೂಲಿಗೆ ಬರುತ್ತಿದ್ದರು. ಕೆಲವೇ ತಿಂಗಳು ದುಡಿದು ಊರಿಗೆ ಮರಳಿ, ಅಲ್ಲಿ ಕೆಮ್ಮಿ ಸತ್ತರು. ಊರಿನಲ್ಲಿ ಅದಕ್ಕಿದ್ದ ಹೆಸರು ಕ್ಷಯ. ಕ್ಷಯ ಎಂದ ಮೇಲೆ ಮಾಲೀಕನಿಲ್ಲ, ಪರಿಹಾರವಿಲ್ಲ. ಕಾಯಿಲೆ ಸಿಲಿಕೋಸಿಸ್ ಎಂದು ಸಾಬೀತಾದ ಮೇಲೆಯೇ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರಲ್ಲಿ, ಸತ್ತ 238 ಜನರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡುವಂತೆ ಗುಜರಾತ್ ಸರ್ಕಾರಕ್ಕೆ ಹೇಳಿತು. ಸುಪ್ರೀಂ ಕೋರ್ಟ್ ಆದೇಶ ಬರಲು 2016 ಆಯಿತು. ಅವರಲ್ಲಿ ಒಬ್ಬನ ರಕ್ತದ ಅಂಕಿ ಕೆಲಸ ಮಾಡುತ್ತಿದ್ದಾಗಲೇ ಕಾಗದದ ಮೇಲೆ ಇದ್ದಿದ್ದರೆ, ಅವನ ಹೆಂಡತಿ ಅಷ್ಟು ವರ್ಷ ಕಾಯಬೇಕಿರಲಿಲ್ಲವೇನೋ.

ಹೆಸರಿನ ಆಟ ಗುಜರಾತಿಗೆ ಮಾತ್ರ ಸೇರಿದ್ದಲ್ಲ. 1940ರ ದಶಕದಲ್ಲಿ ಅಮೆರಿಕದ ಸೇಲಂ ಪಟ್ಟಣದ ಟ್ಯೂಬ್‌ಲೈಟ್ ಕಾರ್ಖಾನೆಯ ಕೆಲಸಗಾರರಿಗೆ ಬಂದ ಕಾಯಿಲೆಯನ್ನು ಜನ ‘ಸೇಲಂ ಸಾರ್ಕಾಯ್ಡ್’ ಎಂದು ಕರೆದರು. ಕಾರಣ ಗೊತ್ತಿಲ್ಲದ ಕಾಯಿಲೆಯ ಹೆಸರು ಯಾರಿಗೂ ತೊಂದರೆ ಕೊಡುವುದಿಲ್ಲ. ಹ್ಯಾರಿಯೆಟ್ ಹಾರ್ಡಿ ಎಂಬ ವೈದ್ಯೆ 1946ರಲ್ಲಿ ಅದಕ್ಕೆ ಕಾರಣ ಟ್ಯೂಬಿನ ಪುಡಿಯಲ್ಲಿದ್ದ ಬೆರಿಲಿಯಂ ಎಂದು ತೋರಿಸಿದರು. 1949ರ ಹೊತ್ತಿಗೆ ಟ್ಯೂಬ್‌ಲೈಟಿನಿಂದ ಬೆರಿಲಿಯಂ ಹೊರಬಿತ್ತು. ನಮ್ಮ ಕೋಲಾರದ ಚಿನ್ನದ ಗಣಿಗಳೂ ಇಲ್ಲಿ ನೆನಪಾಗಬೇಕು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಅಲ್ಲಿಂದ, 1934ರಲ್ಲಿ. 1940ರಲ್ಲಿ ಮೈಸೂರು ಸರ್ಕಾರ ಅದಕ್ಕೆಂದೇ ನಿಯಮ ಮಾಡಿತು. ಕೆಜಿಎಫ್ ಎಂದರೆ ಈಗ ಸಿನಿಮಾದ ಹಿನ್ನೆಲೆ ಸಂಗೀತ ನೆನಪಾಗುತ್ತದೆ, ಕೆಮ್ಮು ನೆನಪಾಗುವುದಿಲ್ಲ.

ಅಂಕಿಗೆ ಸಾಕ್ಷಿಯ ಬಲವಿದೆ, ಅಂಕಿಗೆ ಹೊರದಬ್ಬುವ ಬಲವೂ ಇದೆ. ಎರಡನ್ನೂ ನೋಡಿ ನಾನೊಂದು ಸೂತ್ರ ಮಾಡಿಕೊಂಡಿದ್ದೆ: ಗಾಳಿಯ ಅಂಕಿ ಮಾಲೀಕನಿಗೆ, ರಕ್ತದ ಅಂಕಿ ಕೆಲಸಗಾರನಿಗೆ. ಗಾಳಿಯಲ್ಲಿ ಎಷ್ಟು ಸಿಲಿಕಾ ಇದೆ ಎಂದು ಅಳೆಯಲು ಯಾರಿಗೂ ಸೂಜಿ ಚುಚ್ಚಬೇಕಿಲ್ಲ. ನೀರು ಚಿಮುಕಿಸಿ, ಧೂಳು ಹೀರುವ ಯಂತ್ರ ಹಾಕಿ ಅದನ್ನು ಇಳಿಸುವುದು ಮಾಲೀಕನ ಕೈಯಲ್ಲಿದೆ. ರಕ್ತದ ಅಂಕಿಯಿಂದ ಮಾಲೀಕ ಮಾಡಬಹುದಾದ ಒಂದೇ ಕೆಲಸ, ಮನುಷ್ಯನನ್ನು ಬದಲಿಸುವುದು. ಹಾಗಾಗಿ ಅದು ಅವನಿಗೆ ಬೇಡ.

ಚೆನ್ನಾಗಿಯೇ ಇದೆ ಅನ್ನಿಸಿತ್ತು. ಖಂಭಾತದ ಮನೆಯೊಂದರ ಮುಂದೆ ನಿಲ್ಲಿಸಿದರೆ ಈ ಸೂತ್ರ ಮುರಿಯುತ್ತದೆ. ಅಲ್ಲಿ ಮಾಲೀಕ ಯಾರು? ಸಾಣೆ ಅವನದೇ, ಮನೆ ಅವನದೇ, ಕರೆಂಟ್ ಬಿಲ್ ಅವನ ಹೆಸರಿಗೆ. ಕಲ್ಲು ಕೊಟ್ಟು ಮಣಿ ಒಯ್ಯುವ ವ್ಯಾಪಾರಿ ತೂಕಕ್ಕೆ, ಎಣಿಕೆಗೆ ದುಡ್ಡು ಕೊಟ್ಟು ಹೋಗುತ್ತಾನೆ. ಗಾಳಿ ಅಳೆದರೆ ವರದಿ ಹೋಗಬೇಕಾದದ್ದು ಅದೇ ಸಾಣೆಗಾರನಿಗೆ, ರಕ್ತ ಅಳೆದರೂ ಅವನಿಗೇ. ಪಕ್ಕದಲ್ಲಿ ಕೂತು ಮಣಿ ಪೋಣಿಸುವ ಹೆಂಡತಿಯ ರಕ್ತವನ್ನು, ಹೊಸ್ತಿಲಲ್ಲಿ ಆಡುವ ಮಗುವಿನ ರಕ್ತವನ್ನು ಅಳೆಯಬೇಕು ಎಂದು ಯಾರಿಗೆ ಹೊಳೆಯುತ್ತದೆ? ಹೊಳೆದರೂ ಅವರ ಅಂಕಿಯ ಪಕ್ಕದ ಕಾಲಮ್ಮಿನಲ್ಲಿ ಬರೆಯಲು ಸಾಣೆಗಾರನ ಹೆಸರನ್ನು ಬಿಟ್ಟರೆ ಬೇರೆ ಹೆಸರಿಲ್ಲ.

ಈ ಕಿಟ್ಟು ಮುಂದೊಂದು ದಿನ ಖಂಭಾತದ ಆರೋಗ್ಯ ಕೇಂದ್ರಗಳನ್ನು ತಲುಪುತ್ತದೆ ಎಂದೇ ಇಟ್ಟುಕೊಳ್ಳೋಣ. ಮೊದಲ ವರದಿ ಮುದ್ರಣವಾಗುತ್ತದೆ. ಸರ್ಕಾರಿ ಕಾಗದವೆಂದ ಮೇಲೆ ಕೆಳಗೆ ‘ಪ್ರತಿ’ ಎಂದು ಒಂದು ಪಟ್ಟಿ ಇರಲೇಬೇಕಲ್ಲ. ಆ ಪಟ್ಟಿಯಲ್ಲಿ ಮಣಿ ಕೊಂಡ ವ್ಯಾಪಾರಿ, ಅವನಿಂದ ಕೊಂಡ ರಫ್ತುದಾರ, ಜಿಲ್ಲಾಡಳಿತ, ಇವರ ಹೆಸರೂ ಇರುತ್ತದೋ, ಅಥವಾ ರಕ್ತ ಕೊಟ್ಟವನದು ಮಾತ್ರವೋ ಎಂದು ನಾನು ನೋಡಬೇಕೆಂದಿದ್ದೇನೆ.